ಎರಡನೇ ನಂಬರಿನ ಬಾಲ್ದಿ

ನಮ್ಮ ಮನೆಯ ಬಚ್ಚಲಲ್ಲಿ ಒಂದು ಬಿಳಿ ಬಾಲ್ದಿ ಇದೆ. ಅದರ ಹೊಟ್ಟೆಯ ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ 2 ಎಂದು ಬರೆದಿದೆ. ಮನೆಗೆ ಬಂದವರು ಕೈಕಾಲು ತೊಳೆದು ಬಂದ ಮೇಲೆ ಸುಮ್ಮನೆ ಕೂತು ಚಾ ಕುಡಿಯಬಾರದೇ? "ಒಂದನೇ ನಂಬರಿನದ್ದು ಎಲ್ಲಿ?" ಎಂದು ಕೇಳುತ್ತಾರೆ. ದೋಹಾದ ನಜ್ಮಾ ಬಡಾವಣೆಯ ಈ ಹಳೆಯ ವಿಲ್ಲಾದಲ್ಲಿ ನಾವು ಐದು ಸಂಸಾರ ಗೋಡೆ ಹಂಚಿಕೊಂಡು ಬದುಕುವವರು. ಹಾಗಾಗಿ ಬಾಲ್ದಿಗೂ ನಂಬರು ಹಾಕಿಕೊಳ್ಳುವಷ್ಟು ಜಗಳ ಇರಬೇಕೆಂದು ಕೆಲವರು ಊಹಿಸಿ ಮೆಲ್ಲಗೆ ನಗುತ್ತಾರೆ. ನಾನೂ ನಗುತ್ತೇನೆ. ಒಂದನೇ ನಂಬರಿನದ್ದು ಅಲ್ ಹಿಲಾಲ್‌ನಲ್ಲಿ ಶೇಖರಣ್ಣನ ಮನೆಯಲ್ಲಿದೆ, ಎರಡೂ ಸೇರಿ ಒಂದು ಆಸ್ಪತ್ರೆಯಾಗಿತ್ತು ಎಂದು ಹೇಳಲು ಹೊರಟರೆ ಚಾ ಆರಿಹೋಗುತ್ತದೆ. ನಿಮಗಾದರೆ ಹೇಳಬಹುದು. ನಿಮ್ಮ ಚಾ ಆರಿದರೆ ನನ್ನನ್ನು ದೂರಬೇಡಿ, ಅಷ್ಟೆ.

ಮೊದಲಿಗೆ ನನ್ನ ವಿದ್ಯಾರ್ಹತೆ ಹೇಳಿಬಿಡುತ್ತೇನೆ. ನಾನು ಕಡಲ ತಡಿಯ ಮೀನುಗಾರರ ಮನೆಯವಳು. ಹೆಸರು ಜಲಜಾಕ್ಷಿ. ನನ್ನ ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನೂ ತಮ್ಮ ರಘುವನ್ನೂ ಓದಿಸಿದವಳು. ಬಂಗುಡೆಯ ಕಿವಿರು ಎತ್ತಿ, ಮೂಗಿನ ಹತ್ತಿರ ತಂದು, "ಇದು ನಿನ್ನೆ ಸಂಜೆಯದು, ಇದು ಇವತ್ತು ಬೆಳಗ್ಗಿನದು" ಎಂದು ಅಮ್ಮ ಹೇಳಿದರೆ ಮುಗಿಯಿತು, ಬಂದರಿನಲ್ಲಿ ಅದಕ್ಕೆ ಎದುರು ಮಾತಿರಲಿಲ್ಲ. ಆ ಮೂಗು ನನಗೆ ಅರ್ಧದಷ್ಟಾದರೂ ಬಂದಿದೆ. ದೋಹಾದ ಮೀನಿನ ಮಾರುಕಟ್ಟೆಗೆ ಹೋದರೆ ಅಕ್ಕಪಕ್ಕದ ಹೆಂಗಸರೆಲ್ಲ ನನ್ನನ್ನು ಮುಂದೆ ಬಿಡುತ್ತಾರೆ. ಒಟ್ಟಿನಲ್ಲಿ ಸತ್ತ ಮೀನಿನ ವಿಷಯದಲ್ಲಿ ನಾನು ದೊಡ್ಡ ಪಂಡಿತೆ. ಬದುಕಿದ ಮೀನಿನ ವಿಷಯದಲ್ಲಿ ಅಕ್ಷರ ಬಾರದವಳು ಎಂಬುದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಶೇಖರಣ್ಣ ನನಗೆ ರಕ್ತಸಂಬಂಧಿಯಲ್ಲ. ನಮ್ಮ ತಾಲೂಕಿನವರು. ಊರಿನಲ್ಲಿ ಅದು ಏನೂ ಅಲ್ಲ, ಇಲ್ಲಿ ಅದೇ ದೊಡ್ಡ ನೆಂಟಸ್ತಿಕೆ. ಒಂದು ಕಂಪನಿಯ ಸ್ಟೋರಿನಲ್ಲಿ ಇನ್‌ಚಾರ್ಜ್ ಆಗಿ ಕೂದಲು ಬೆಳ್ಳಗಾದವರು. ನಾನು ಮದುವೆಯಾಗಿ ಹೊಸದಾಗಿ ದೋಹಾಕ್ಕೆ ಬಂದಾಗ ಅಡುಗೆಗೆ ಪಾತ್ರೆ ಕೊಟ್ಟು, ಯಾವ ಬಸ್ಸು ಎಲ್ಲಿಗೆ ಎಂದು ಕಲಿಸಿ, ನಮ್ಮವರೊಡನೆ ಮೊದಲ ಜಗಳವಾದಾಗ ನನ್ನ ಪರ ವಹಿಸಿದವರು ಅವರೇ. ಅವರ ಹೆಂಡತಿಯೂ ಮಗಳು ಪ್ರತೀಕ್ಷಾಳೂ ಕೆಲವು ವರ್ಷಗಳ ಹಿಂದೆ, ಮಗಳು ಕಾಲೇಜಿಗೆ ಸೇರುವಾಗ, ಊರಿಗೆ ಮರಳಿದರು. ಶೇಖರಣ್ಣನ ಜೊತೆಗೆ ಉಳಿದದ್ದು ಮನೆಯ ಹಾಲ್‌ನ ಗೋಡೆಯುದ್ದಕ್ಕೂ ನಿಂತ ಒಂದು ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಕೆಲವು ಬಂಡೆಕಲ್ಲು, ಹೂವಿನಂತೆ ಅರಳಿ ಮುದುಡುವ ಒಂದು ಕಡಲಪ್ರಾಣಿ, ಮತ್ತು ಎರಡು ಮೀನು.

ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ, ಅಂಗಡಿಯವರು ಕ್ಲೌನ್ ಎನ್ನುವ ಜಾತಿ. ದೊಡ್ಡದು ಹೆಣ್ಣು, ರಾಣಿ. ಚಿಕ್ಕದು ಗಂಡು, ಚೋಟು. ಪ್ರತೀಕ್ಷಾ ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ತೆಗೆದಾಗ ಕೇಳಿ ತರಿಸಿಕೊಂಡದ್ದು. ಬೆರಳುದ್ದದ ಮೀನು ಎಷ್ಟು ದಿನ ಬದುಕೀತು, ಒಂದು ವರ್ಷವೇ ಎಂದು ನಾನು ಅಂದುಕೊಂಡಿದ್ದೆ. ಹುಡುಗಿ ಹನ್ನೊಂದು ಮುಗಿಸಿದಳು, ಹನ್ನೆರಡು ಮುಗಿಸಿದಳು, ಊರಿಗೆ ಹೋಗಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದಳು. ಮೀನುಗಳು ಇದ್ದವು. ಅವಳು ಅಪ್ಪನಿಗೆ ವಿಡಿಯೊ ಕಾಲ್ ಮಾಡಿದರೆ ಮೊದಲ ಎರಡು ನಿಮಿಷ ಅಪ್ಪನಿಗೆ, ಉಳಿದದ್ದು ರಾಣಿಗೆ. ಫೋನನ್ನು ಗಾಜಿಗೆ ಹಿಡಿದರೆ ರಾಣಿ ಬಂದು ಮೂತಿ ತಾಗಿಸಿ ನಿಲ್ಲುತ್ತಿತ್ತು. ಶೇಖರಣ್ಣ ಫೋನ್ ಹಿಡಿದುಕೊಂಡು ಹಿಂದೆ ನಿಂತಿರುತ್ತಿದ್ದರು.

ಕಳೆದ ವರ್ಷ ಪ್ರತೀಕ್ಷಾಳ ಮದುವೆ ನಿಶ್ಚಯವಾಯಿತು. ಶೇಖರಣ್ಣ ಐವತ್ತು ದಿನದ ರಜೆ ಹಾಕಿದರು. ರಜೆಯಲ್ಲಿ ಊರಿಗೆ ಹೋಗುವವರು ಇಲ್ಲಿ ಕೀಲಿಕೈ ಒಬ್ಬರಿಗೆ, ಗಿಡ ಇನ್ನೊಬ್ಬರಿಗೆ ಒಪ್ಪಿಸಿ ಹೋಗುವುದು ವಾಡಿಕೆ. ಅವರು ಕೀಲಿಕೈಯನ್ನೂ ಮೀನನ್ನೂ ನನಗೇ ಒಪ್ಪಿಸಿದರು.

ಹೊರಡುವ ಹಿಂದಿನ ದಿನ ಕೂರಿಸಿ ಎಲ್ಲ ಹೇಳಿಕೊಟ್ಟರು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ನಮ್ಮ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಜಲಜ, ದಿನಕ್ಕೊಂದು ಸಲ ತಿಂಡಿ. ನೀರು ಆರಿದಷ್ಟು ಸಿಹಿನೀರು ಹಾಕು. ಉಪ್ಪು ಆವಿಯಾಗುದಿಲ್ಲ, ಅದು ಅಲ್ಲೇ ಉಂಟು, ನೆನಪಿರ್ಲಿ. ಮತ್ತೆ ಹೊಸ ಜೀವ ಒಂದೂ ಇದರೊಳಗೆ ಹಾಕ್ಬೇಡ. ಹಾಕುದಾದ್ರೆ ಒಂದು ತಿಂಗಳು ಬೇರೆ ನೀರಲ್ಲಿಟ್ಟು ನೋಡಿಯೇ ಹಾಕ್ಬೇಕು."

"ಶೇಖರಣ್ಣ, ನೀವು ಹೇಳುದು ಯಾರಿಗೆ? ನಾನು ಮೀನಿನ ಬುಟ್ಟಿಯಲ್ಲೇ ಹುಟ್ಟಿದವಳು."

"ಅದಕ್ಕೇ ಹೆದರಿಕೆ ಮಾರಾಯ್ತಿ," ಎಂದು ನಕ್ಕರು. "ಏನಾದ್ರೂ ಹೆಚ್ಚುಕಮ್ಮಿಯಾದ್ರೆ ಮೊದಲು ನನಗೊಂದು ಫೋನ್ ಮಾಡು."

ನಾನು ದೋಹಾ ಅಲ್ ಜದೀದಾದ ಒಂದು ಟ್ರೇಡಿಂಗ್ ಆಫೀಸಿನಲ್ಲಿ ಕೊಟೇಶನ್ ಟೈಪು ಮಾಡುವವಳು. ಐದಕ್ಕೆ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ಅಲ್ ಹಿಲಾಲ್‌ಗೆ ಹೋಗಿ ಬೀಗ ತೆಗೆದರೆ ಎ.ಸಿ.ಯ ತಂಪು, ನೀಲಿ ಬೆಳಕು, ನೀರಿನ ಗುಳುಗುಳು. ಗಾಜಿನ ಮುಂದೆ ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಕೂರುತ್ತಿದ್ದೆ. ರಾಣಿ ಬಂದು ನನ್ನ ಮುಖ ನೋಡುತ್ತಿತ್ತು. ಅಷ್ಟು ವರ್ಷ ಮೀನಿನ ಕಣ್ಣು ನೋಡಿದ್ದೇನೆ, ತಾಜಾ ಹೌದೋ ಅಲ್ಲವೋ ಎಂದು. ಒಂದು ಮೀನು ನನ್ನ ಕಣ್ಣು ನೋಡಿದ್ದು ಅದೇ ಮೊದಲು. ಮನೆಗೆ ಬಂದು ಅಂಜಲ್ ಮೀನು ಹುರಿಯುವಾಗ ಸ್ವಲ್ಪ ಮುಜುಗರವೇ ಆಗುತ್ತಿತ್ತು. ತಿಂದೆ ಅನ್ನಿ, ಅದು ಬೇರೆ ವಿಷಯ.

ಎರಡನೇ ವಾರ ನನಗೊಂದು ಬುದ್ಧಿ ಹೊಳೆಯಿತು. ಇಂಥ ಬುದ್ಧಿಗಳು ನನಗೆ ಹೊಳೆದಾಗಲೆಲ್ಲ ನಮ್ಮವರು ಮನೆಯಿಂದ ಹೊರಗೆ ಹೋಗಿರುತ್ತಾರೆ, ತಡೆಯಲು ಯಾರೂ ಇರುವುದಿಲ್ಲ. ಮದುವೆಗೆ ಏನು ಉಡುಗೊರೆ ಕೊಡುವುದು ಎಂದು ತಲೆ ಕೆಡಿಸಿಕೊಂಡಿದ್ದೆ. ಸೂಕ್ ಎನ್ನುವ ಹಳೆಯ ಪೇಟೆಯ ಹತ್ತಿರ ಬಣ್ಣದ ಮೀನು ಮಾರುವ ಒಬ್ಬ ಮಲಯಾಳಿಯ ಅಂಗಡಿಯಲ್ಲಿ, ಶಾಯಿಯಷ್ಟು ನೀಲಿ ಮೈಗೆ ಹಳದಿ ಬಾಲದ ಒಂದು ಮೀನು ಕಂಡಿತು. ಮದುಮಗಳಿಗೆ ವಿಡಿಯೊದಲ್ಲಿ ತೋರಿಸಿದರೆ ಹೇಗಿರುತ್ತದೆ! ತಂದುಬಿಟ್ಟೆ.

ಒಂದು ತಿಂಗಳು ಬೇರೆ ಇಡಬೇಕು ಎಂಬುದು ನನಗೆ ಮರೆತಿರಲಿಲ್ಲ. ಅದನ್ನು ನಾನು ಬೇಕೆಂದೇ ಮೀರಿದೆ. ಕ್ವಾರಂಟೈನ್ ಏನೆಂದು ನಮಗೆ ಗೊತ್ತು. ಆ ರೋಗದ ಕಾಲದಲ್ಲಿ ಊರಿಂದ ಬಂದವರನ್ನೆಲ್ಲ ಹೋಟೆಲಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದರಲ್ಲ, ನಾನೂ ಕೂತಿದ್ದೇನೆ. ತೆರೆಯಲಾಗದ ಕಿಟಕಿ, ಬಾಗಿಲ ಹೊರಗೆ ಇಟ್ಟುಹೋಗುವ ಊಟದ ಪೊಟ್ಟಣ, ಗೋಡೆಗೆ ಮುಖ ಮಾಡಿ ಅತ್ತದ್ದು. ಆ ನೀಲಿ ಮೀನು ಪ್ಲಾಸ್ಟಿಕ್ ಚೀಲದಲ್ಲಿ ತಿರುಗುವುದನ್ನು ನೋಡಿ, ಪಾಪ, ಇದಕ್ಕೇಕೆ ಆ ಶಿಕ್ಷೆ ಅನಿಸಿತು. ಚೀಲ ಬಿಚ್ಚಿ ನೇರವಾಗಿ ತೊಟ್ಟಿಗೆ ಬಿಟ್ಟೆ.

ಒಂದು ವಾರ ಮೂರೂ ಮೀನು ಚಂದವಾಗಿದ್ದವು. ಎಂಟನೇ ದಿನ ನೀಲಿ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅದು ಕಲ್ಲಿಗೆ ಮೈ ತಿಕ್ಕಿಕೊಳ್ಳುತ್ತಿತ್ತು. ರಾಣಿಯ ಬೆನ್ನ ಮೇಲೂ ನಾಲ್ಕು ಚುಕ್ಕೆ.

ಸರಿಯಾಗಿ ಅದೇ ಹೊತ್ತಿಗೆ ಶೇಖರಣ್ಣನ ಫೋನು. ಹಿಂದೆ ಹೆಂಗಸರ ಗಲಾಟೆ, ಸೀರೆಯ ಮಾತು.

"ಎಂತ ಜಲಜ, ಮೀನು ಹೇಗುಂಟು?"

"ಎಲ್ಲ ಆರಾಮ್ ಶೇಖರಣ್ಣ. ನೀವು ಮದುವೆ ಕೆಲಸ ನೋಡ್ಕೊಳ್ಳಿ."

ಈ 'ಆರಾಮ್' ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಗಲ್ಫಿನಲ್ಲಿರುವವರ ಫೋನಿನಲ್ಲಿ ಎಲ್ಲರೂ ಯಾವತ್ತೂ ಆರಾಮವಾಗಿರುತ್ತಾರೆ. ಕೆಟ್ಟ ಸುದ್ದಿಯನ್ನು ಕಡಲು ದಾಟಿಸಬಾರದು ಎಂಬುದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ನಮ್ಮವರು ವರ್ಕ್‌ಶಾಪಿನಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡಾಗ ಆರು ವಾರ ಊರಿಗೆ ಬರೀ ಮುಖ ತೋರಿಸಿ ಮಾತಾಡಿದರು. "ಇವ ಈಗೀಗ ಎದ್ದು ನಿಲ್ಲುದೇ ಇಲ್ಲ, ಅಷ್ಟು ಉದಾಸೀನವಾ?" ಎಂದು ಅತ್ತೆ ನನ್ನನ್ನೇ ಬೈದರು. ಆಚೆಯಿಂದಲೂ ಅಷ್ಟೆ. ಅತ್ತೆಯ ಕಣ್ಣಿನ ಆಪರೇಶನ್ ಆದದ್ದು ನಮಗೆ ಗೊತ್ತಾದದ್ದು ಅವರು ಕಪ್ಪು ಕನ್ನಡಕ ಹಾಕಿಕೊಂಡು ಒಂದು ಮದುವೆಯ ಫೋಟೋದಲ್ಲಿ ನಿಂತಾಗ. ಹೀಗೆ ಎರಡೂ ದಡದಿಂದ ಒಬ್ಬರಿಗೊಬ್ಬರು ಆರಾಮು ಕಳಿಸಿಕೊಂಡು ಬದುಕುತ್ತೇವೆ. ನಗು ಬರುತ್ತದೆ, ಎಲ್ಲ ಸಲವೂ ಬರುವುದಿಲ್ಲ.

ಅದೇ ರೋಗದ ಕಾಲದಲ್ಲಿ, ವಿಮಾನಗಳೆಲ್ಲ ನಿಂತಿದ್ದಾಗ, ಅಮ್ಮನಿಗೆ ಜ್ವರ ಬಂತು. ನಾನು ದಿನಾ ಫೋನು ಮಾಡುತ್ತಿದ್ದೆ. ತಮ್ಮ ರಘು ದಿನಾ ಹೇಳುತ್ತಿದ್ದ: "ಅಮ್ಮ ಆರಾಮ್ ಅಕ್ಕ, ಈಗಷ್ಟೇ ಮಲಗಿದ್ಳು." ಹನ್ನೆರಡು ದಿನ ಹೀಗೆ ಮಲಗಿಸಿದ. ಹದಿಮೂರನೇ ದಿನ ಸತ್ಯ ಹೇಳಿದ, ಆಗ ಹೇಳಲು ಉಳಿದದ್ದು ಒಂದೇ ಸುದ್ದಿ. "ಯಾಕೆ ಹೇಳ್ಲಿಲ್ಲ? ಯಾಕೆ ಹೇಳ್ಲಿಲ್ಲ ನನಗೆ?" ಎಂದು ಫೋನಿನಲ್ಲಿ ಕಿರುಚಿದೆ. ಅವನು ಅಳುತ್ತ, "ಹೇಳಿದ್ರೆ ನೀನು ಅಲ್ಲಿಂದ ಎಂತ ಮಾಡ್ತಿದ್ದೆ?" ಅಂದ. ಆ ಮಾತನ್ನು ನಾನು ಕ್ಷಮಿಸಲಿಲ್ಲ. ವಿಮಾನ ಶುರುವಾದ ಮೇಲೆ ಹೋಗಿ ಅಮ್ಮನ ಖಾಲಿ ಬುಟ್ಟಿಗೆ ಕೈಮುಗಿದು ಬಂದೆ. ಮರಳಿ ಬಂದಾಗ ಕೂತದ್ದು ಆ ಹೋಟೆಲಿನ ಕೋಣೆಯಲ್ಲಿ. ಅಂದಿನಿಂದ ರಘುವಿನೊಡನೆ ನನ್ನ ಮಾತು ದೀಪಾವಳಿಗೊಂದು, ಚೌತಿಗೊಂದು.

ಇಷ್ಟೆಲ್ಲ ಗೊತ್ತಿದ್ದವಳು ಶೇಖರಣ್ಣನಿಗೆ 'ಆರಾಮ್' ಅಂದೆ. ಹೇಳುವಾಗ ನಾಲಿಗೆ ತೊದಲಲೂ ಇಲ್ಲ. ಮದುವೆಮನೆಯಲ್ಲಿ ಮೀನಿನ ಚುಕ್ಕೆಯ ಸುದ್ದಿ ಯಾಕೆ, ನಾನೇ ವಾಸಿ ಮಾಡಿದರಾಯಿತು, ಅಷ್ಟೇ ಅನಿಸಿದ್ದು.

ಮದ್ದು ನನಗೆ ಗೊತ್ತಿತ್ತು. ನಮ್ಮ ಮನೆಯ ಬಾವಿಯಲ್ಲಿ ಸೊಳ್ಳೆಮರಿ ತಿನ್ನಲು ನಾಲ್ಕು ಮೀನು ಬಿಟ್ಟಿದ್ದರು. ಒಮ್ಮೆ ಅವುಗಳ ಮೈಮೇಲೂ ಹೀಗೇ ಬಿಳಿ ಚುಕ್ಕೆ ಎದ್ದಾಗ ಅಮ್ಮ ಅವನ್ನು ಮಣ್ಣಿನ ಪಾತ್ರೆಗೆ ತೆಗೆದು ಒಂದು ಮುಷ್ಟಿ ಕಲ್ಲುಪ್ಪು ಹಾಕಿದ್ದಳು. ವಾರದಲ್ಲಿ ವಾಸಿಯಾಗಿತ್ತು. ಊರಿಂದ ತಂದ ಕಲ್ಲುಪ್ಪು ನನ್ನ ಡಬ್ಬಿಯಲ್ಲಿತ್ತು. ಇದು ದೊಡ್ಡ ತೊಟ್ಟಿ ಎಂದು ಒಂದಲ್ಲ, ನಾಲ್ಕು ಮುಷ್ಟಿ ಕರಗಿಸಿ ಹಾಕಿದೆ. ಅಮ್ಮನನ್ನು ನೆನೆದುಕೊಂಡೇ ಹಾಕಿದೆ.

ನಾಲ್ಕನೇ ದಿನಕ್ಕೆ ಮೂರೂ ಮೀನಿನ ಮೈ ತೊಳೆದಿಟ್ಟ ಹಾಗೆ ಆಯಿತು. ಒಂದು ಚುಕ್ಕೆಯಿಲ್ಲ! ನನ್ನ ಸಂಭ್ರಮ ಏನು ಕೇಳುತ್ತೀರಿ. ಮನೆಗೆ ಬಂದು ನಮ್ಮವರಿಗೆ ಅರ್ಧ ಗಂಟೆ ಉಪ್ಪಿನ ಮಹಿಮೆ ಹೇಳಿದೆ. ಮೀನಿನ ಡಾಕ್ಟರು ಎಂದು ಅವರು ಕೈಮುಗಿದರು. ಪಕ್ಕದ ಕೋಣೆಯ ಹೆಂಗಸು ತನ್ನ ಗಂಡನ ಮೈಯ ತುರಿಕೆಗೂ ಏನಾದರೂ ಉಂಟಾ ಎಂದು ಕೇಳಿದಳು.

ಆ ಚುಕ್ಕೆ ಎಂದರೆ ಏನೆಂದು ಆಮೇಲೆ ತಿಳಿಯಿತು. ಅದು ಚರ್ಮದ ಕೆಳಗೆ ಕೂತು ಮೀನನ್ನು ತಿನ್ನುವ ಒಂದು ಹುಳ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರುತ್ತದೆ. ತಳದ ಮರಳಿಗೆ, ಕಲ್ಲಿಗೆ ಅಂಟಿ, ಚಿಪ್ಪು ಕಟ್ಟಿ, ಒಂದು ನೂರಾಗಿ ಒಡೆದು ಮತ್ತೆ ಮೀನನ್ನು ಹುಡುಕಿಕೊಂಡು ಮೇಲೆ ಬರುತ್ತದೆ. ಮೀನು ಫಳಫಳ ಹೊಳೆಯುತ್ತಿದ್ದ ಆ ದಿನಗಳಲ್ಲಿ, ನಾನು ಕುರ್ಚಿಯಲ್ಲಿ ಕೂತು ಇಲ್ಲದ ಮೀಸೆ ತಿರುವುತ್ತಿದ್ದಾಗ, ತಳದಲ್ಲಿ ಅವು ಮರಿಯಾಗುತ್ತಿದ್ದವು.

ಮದುವೆಗೆ ಎರಡು ದಿನ ಇರುವಾಗ ಬೀಗ ತೆಗೆದು ನೋಡಿದರೆ ನೀಲಿ ಮೀನು ಮಗುಚಿ ಬಿದ್ದಿತ್ತು. ರಾಣಿಯ ಮೈಮೇಲೆ ಕಿತ್ತಳೆ ಬಣ್ಣವೇ ಸರಿಯಾಗಿ ಕಾಣದಷ್ಟು ಬಿಳಿ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಚೋಟು ಕಲ್ಲಿನ ಸಂದಿಯಲ್ಲಿ. ಇನ್ನೂ ಎರಡು ಮುಷ್ಟಿ ಉಪ್ಪು ಹಾಕಿದೆ ಎಂದರೆ ನೀವು ನನ್ನನ್ನು ಏನನ್ನುತ್ತೀರೋ. ಫೋನು ಕೈಯಲ್ಲೇ ಇತ್ತು. 'ಹೆಚ್ಚುಕಮ್ಮಿಯಾದ್ರೆ ಮೊದಲು ನನಗೊಂದು ಫೋನ್ ಮಾಡು' ಎಂದದ್ದೂ ಕಿವಿಯಲ್ಲಿತ್ತು. ನಾಳೆ ಮೆಹೆಂದಿ, ನಾಡಿದ್ದು ಧಾರೆ. ಹೇಗೆ ಹೇಳಲಿ?

ಮದುವೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಪ್ರತೀಕ್ಷಾಳೇ ಕರೆದಳು. ಶುಕ್ರವಾರ, ಇಲ್ಲಿ ರಜೆಯ ದಿನ, ನಾನು ಬೆಳಗ್ಗಿನಿಂದ ತೊಟ್ಟಿಯ ಮುಂದೆಯೇ ಇದ್ದೆ.

"ಆಂಟಿ, ಇವರಿಗೆ ರಾಣೀನ ತೋರಿಸ್ಬೇಕು. ಒಂದು ಸೆಕೆಂಡ್ ವಿಡಿಯೊ ಆನ್ ಮಾಡಿ, ಪ್ಲೀಸ್."

"ಅಯ್ಯೋ ಮಗಾ, ನೆಟ್ಟು ಸರಿ ಇಲ್ಲ ಇವತ್ತು. ನಾನು ಮತ್ತೆ ವಿಡಿಯೊ ತೆಗ್ದು ಕಳಿಸ್ತೇನೆ."

ನನ್ನ ಫೋನನ್ನೆಲ್ಲ ಜಾಲಾಡಿ ರಾಣಿ ಗಾಜಿಗೆ ಮೂತಿ ತಾಗಿಸಿ ನಿಂತ ಒಂದು ಹಳೆಯ ವಿಡಿಯೊ ಹುಡುಕಿ, ಧ್ವನಿ ತೆಗೆದು, "ಈಗಷ್ಟೇ ತೆಗೆದದ್ದು. ರಾಣಿ ನಿಮಗೆ ಶುಭ ಹಾರೈಸುತ್ತಿದ್ದಾಳೆ" ಎಂದು ಬರೆದು ಕಳಿಸಿದೆ. ಕೆಂಪು ಹೃದಯಗಳು ಬಂದವು. ನನ್ನ ಎದುರಿಗೆ ರಾಣಿ ಒಂದು ಮಗ್ಗುಲಾಗಿ ತೇಲುತ್ತಿತ್ತು. ಸಂಜೆಯೊಳಗೆ ಕಿವಿರಿನ ಅಲುಗಾಟ ನಿಂತಿತು.

ಸಾವಿರಾರು ಮೀನು ಹೆಚ್ಚಿದ ಕೈ ನನ್ನದು. ಆ ಒಂದನ್ನು ನೀರಿನಿಂದ ಎತ್ತಲು ಕೈ ಬರಲಿಲ್ಲ. ಕೊನೆಗೆ ಚಾ ಸೋಸುವ ಜಾಲರಿಯಲ್ಲಿ ಎತ್ತಿ, ಕರ್ಚೀಫಿನಲ್ಲಿ ಸುತ್ತಿ, ನಮ್ಮ ಮಹಡಿಯ ಮೇಲಿನ ಕರಿಬೇವಿನ ಕುಂಡದಲ್ಲಿ ಹೂತೆ. ಮೀನಿನ ತಲೆಯನ್ನು ತೆಂಗಿನ ಬುಡಕ್ಕೆ ಎಸೆಯುವ ಮನೆಯವಳು ಕುಂಡದ ಮುಂದೆ ಕೂತು ಅಳುವುದನ್ನು ನೋಡಿ ನಮ್ಮವರು ನೀರಿನ ಚೊಂಬು ತಂದುಕೊಟ್ಟರು.

ಮಾರನೇ ದಿನ ಸೂಕಿನ ಅಂಗಡಿಗೆ ಹೋದೆ. ರಾಣಿಯಂಥದ್ದೇ ಇನ್ನೊಂದು ತಂದು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಇತ್ತು, ಸುಳ್ಳು ಹೇಳುವುದಿಲ್ಲ. ಗಾಜಿನೊಳಗೆ ಅಂಥವು ಇಪ್ಪತ್ತು ಇದ್ದವು. ಒಂದೂ ನನ್ನ ಮುಖ ನೋಡಲಿಲ್ಲ. ಹಾಗೇ ಅಲ್ ಹಿಲಾಲ್‌ಗೆ ಮರಳಿದೆ.

ಅಂದು ಸಂಜೆ ಶೇಖರಣ್ಣನ ಫೋನು ಬಂತು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಜಲಜ, ಮೀನು ಸತ್ತಿತಾ?"

ನಾನು ತೊಟ್ಟಿಯ ಕಡೆಗೆ ತಿರುಗಿದೆ.

"ನೀನು ಕಳಿಸಿದ ವಿಡಿಯೊ ಉಂಟಲ್ಲ, ಅದು ಪ್ರತೀಕ್ಷಾನೇ ತೆಗೆದದ್ದು. ದೋಹಾ ಬಿಟ್ಟು ಬರುವ ದಿನ. ಗಾಜಿನಲ್ಲಿ ಅವಳದ್ದೇ ನೆರಳು ಕಾಣ್ತದೆ, ಆ ಗುಲಾಬಿ ಅಂಗಿ. ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ ನಾನು ಆಗ."

"ರಾಣಿ ಹೋಯ್ತು ಶೇಖರಣ್ಣ."

"ಯಾವಾಗ ಶುರುವಾದದ್ದು?"

"ಮೂರು ವಾರ ಹತ್ತಿರ ಆಯ್ತು, ಬಿಳಿ ಚುಕ್ಕೆ. ನಾನೊಂದು ಹೊಸ ಮೀನು ತಂದು ಬಿಟ್ಟಿದ್ದೆ."

"ಯಾಕೆ ಹೇಳ್ಲಿಲ್ಲ?"

ತಪ್ಪಾಯಿತು ಎನ್ನಬೇಕಾದ ಬಾಯಿಂದ ಬಂದದ್ದೇ ಬೇರೆ:

"ಹೇಳಿದ್ರೆ ನೀವು ಅಲ್ಲಿಂದ ಎಂತ ಮಾಡ್ತಿದ್ರಿ?"

ಹೇಳಿದ ಮೇಲೆ ಆ ಮಾತು ಯಾರದ್ದೆಂದು ಹೊಳೆಯಿತು. ಕುರ್ಚಿಯಲ್ಲಿ ಕೂತುಬಿಟ್ಟೆ.

ಆಮೇಲೆ ಶೇಖರಣ್ಣ, "ತೊಟ್ಟಿಯ ಕೆಳಗಿನ ಕಪಾಟು ತೆಗಿ," ಎಂದರು. ಇಷ್ಟು ದಿನ ಮೊಣಕಾಲು ತಾಗುತ್ತಿದ್ದ ಕಪಾಟು. ತೆಗೆದೆ. ಒಳಗೆ ಎರಡು ಬಿಳಿ ಬಾಲ್ದಿ, ಒಂದರ ಮೇಲೆ 1, ಇನ್ನೊಂದರ ಮೇಲೆ 2. ಒಂದು ಚೀಲ ಅಕ್ವೇರಿಯಂ ಉಪ್ಪು, ಗಾಳಿ ಊದುವ ಪುಟ್ಟ ಪಂಪು, ಉಪ್ಪು ಅಳೆಯುವ ಒಂದು ಸಾಧನ.

"ಅದು ಈ ರೋಗಕ್ಕೇ ಇಟ್ಟದ್ದು. ಮೊದಲ ಚುಕ್ಕೆ ಕಂಡ ದಿನ ಹೇಳಿದ್ರೆ ಎರಡೂ ಉಳೀತಿದ್ವು," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಚೋಟು ಉಂಟಾ ಇನ್ನೂ?"

"ಉಂಟು."

"ಹಾಗಾದ್ರೆ ಸರಿಯಾಗಿ ಕೇಳು ಈಗ."

ಮದುವೆಯ ಮರುದಿನ, ಮನೆ ತುಂಬ ನೆಂಟರು, ಅವರು ಅರ್ಧ ಗಂಟೆ ಫೋನಿನಲ್ಲಿ ನಿಂತು ಹೇಳಿಕೊಟ್ಟರು. ಒಂದನೇ ಬಾಲ್ದಿಯಲ್ಲಿ ಹೊಸ ಉಪ್ಪುನೀರು, ಅಳತೆಗೆ ಸರಿಯಾಗಿ. ಮೀನನ್ನು ಅದಕ್ಕೆ ಬಿಡು. ಮೂರು ದಿನದಲ್ಲಿ ಮೈಮೇಲಿನ ಹುಳ ಉದುರಿ ತಳ ಸೇರುತ್ತದೆ. ಅದು ಒಡೆದು ಮರಿಯಾಗುವ ಮೊದಲೇ ಮೀನನ್ನು ಎರಡನೇ ಬಾಲ್ದಿಗೆ ದಾಟಿಸು. ಮೊದಲನೆಯದನ್ನು ಚೆಲ್ಲಿ, ತೊಳೆದು, ಬಿಸಿಲಿಗೆ ಒಣಗಿಸು. ಮತ್ತೆ ಮೂರು ದಿನ. ಹೀಗೆ ನಾಲ್ಕು ಸಲ. ದೊಡ್ಡ ತೊಟ್ಟಿಯಲ್ಲಿ ಎರಡೂವರೆ ತಿಂಗಳು ಒಂದೂ ಮೀನು ಇರಬಾರದು. ತಿನ್ನಲು ಮೀನಿಲ್ಲದೆ ಹುಳ ತಾನಾಗಿ ಸಾಯುತ್ತದೆ.

"ಮತ್ತೆ, ನೀರಿಗೆ ಎಂತಾದ್ರೂ ಹಾಕಿದ್ದೀಯಾ?"

"ಕಲ್ಲುಪ್ಪು."

"ಅಯ್ಯೋ ದೇವರೇ! ಸಿಹಿನೀರಿನ ಮೀನಿಗೆ ಉಪ್ಪು ಮದ್ದು ಮಾರಾಯ್ತಿ. ಕಡಲಿನ ಹುಳಕ್ಕೆ ಉಪ್ಪು ಅಂದ್ರೆ ತಾಯಿಮನೆ."

ಅವರಿಗೆ ಸಣ್ಣಗೆ ನಗು ಬಂತು. ನನಗೆ ಬರಲಿಲ್ಲ.

ಚೋಟುವನ್ನು ನಮ್ಮ ಮನೆಗೇ ತಂದೆ. ಮೊದಲ ದಾಟಿಸುವಿಕೆಗೆ ನಮ್ಮವರೂ ನಾನೂ ಸೇರಿ ಆಪರೇಶನ್ ಥಿಯೇಟರಿನವರ ಹಾಗೆ ಬೆವರಿದೆವು. ಖಾಲಿಯಾದ ಬಾಲ್ದಿಯನ್ನು ಮಹಡಿಯ ಮೇಲೆ ಕವುಚಿಟ್ಟರೆ ಜೂನಿನ ಬಿಸಿಲು ಹತ್ತು ನಿಮಿಷದಲ್ಲಿ ಒಣಗಿಸುತ್ತಿತ್ತು. ಈ ಊರಿನ ಬಿಸಿಲಿಗೆ ನಾನು ಮೊದಲ ಬಾರಿ ಕೈಮುಗಿದದ್ದು ಆಗ. ಹನ್ನೆರಡು ದಿನ. ಹನ್ನೆರಡು ಎಂಬ ಲೆಕ್ಕ ನನಗೆ ಗೊತ್ತಾಗದೆ ಇರಲಿಲ್ಲ. ಚೋಟು ಉಳಿಯಿತು. ಈ ಜಾತಿಯಲ್ಲಿ ಹೆಣ್ಣು ಸತ್ತರೆ ಉಳಿದ ಗಂಡೇ ಹೆಣ್ಣಾಗಿ ಬೆಳೆಯುತ್ತದಂತೆ. "ಇನ್ನು ಅವನೇ ರಾಣಿ," ಎಂದರು ಶೇಖರಣ್ಣ ರಜೆ ಮುಗಿಸಿ ಬಂದ ಮೇಲೆ. ಆದರೆ ಆ ಹೆಸರಿನಿಂದ ಅದನ್ನು ಯಾರೂ ಕರೆಯಲಿಲ್ಲ. ಮೀನಿಲ್ಲದ ತೊಟ್ಟಿಗೆ ಅವರು ದಿನಾ ದೀಪ ಹಚ್ಚುತ್ತಿದ್ದರು. ಎರಡೂವರೆ ತಿಂಗಳು ಆ ಖಾಲಿ ನೀಲಿ ನೀರಿನ ಮುಂದೆ ಕೂತು ಚಾ ಕುಡಿದೆವು, ಶುಕ್ರವಾರ ಶುಕ್ರವಾರ. ಅವರು ಮೊದಲಿನಂತೆಯೇ ಮಾತಾಡುತ್ತಾರೆ. ಈ ಸಲ ರಜೆಗೆ ಹೋಗುವಾಗ ಮಾತ್ರ ಕೀಲಿಕೈಯನ್ನು ಬೇರೆಯವರಿಗೆ ಕೊಟ್ಟರು. "ನಿನಗೆ ಸುಮ್ಮನೆ ಯಾಕೆ ತೊಂದರೆ," ಎಂದರು. ಆ ಎರಡೂವರೆ ತಿಂಗಳು ಮುಗಿದಾಗಲೇ, ಅಷ್ಟು ದಿನ ನಮ್ಮಲ್ಲೇ ಇದ್ದ ಚೋಟು ಒಂದನೇ ಬಾಲ್ದಿಯಲ್ಲಿ ಕೂತು ಮನೆಗೆ ಹೋಗಿತ್ತು. ಎರಡನೆಯದನ್ನು ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ಪ್ರತೀಕ್ಷಾಳಿಂದ, ಚೋಟು ಇನ್ನೂ ನಮ್ಮ ಮನೆಯಲ್ಲಿದ್ದಾಗಲೇ, ಒಂದು ಮೆಸೇಜು ಬಂದಿತ್ತು. ಇಲ್ಲಿ ಓದಿದ ಮಕ್ಕಳ ಹಾಗೆ ಅವಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ. ಓದಲು ನನಗೆ ಹೊತ್ತು ಹಿಡಿಯುತ್ತದೆ. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಆದ್ರೆ ಹೇಳಿದ್ರೆ ಒಂದು ಸಲ ನೋಡ್ತಿದ್ದೆ. ಬೈ ಹೇಳ್ತಿದ್ದೆ, ಅಷ್ಟೇ."

ಅಷ್ಟೇ. ಹೇಳಿದ್ದರೆ ಅಲ್ಲಿಂದ ಏನು ಮಾಡುತ್ತಿದ್ದೆ ಎಂದು ತಮ್ಮ ಕೇಳಿದ್ದಕ್ಕೆ ಇಷ್ಟು ವರ್ಷ ನನ್ನಲ್ಲಿ ಉತ್ತರವಿರಲಿಲ್ಲ, ಬರೀ ಸಿಟ್ಟಿತ್ತು. ಮೀನಿಗೆ ಬೈ ಹೇಳಬೇಕಿದ್ದ ಹುಡುಗಿ ನನ್ನ ಪರವಾಗಿ ಉತ್ತರ ಬರೆದುಕೊಟ್ಟಿದ್ದಳು. ಅದೇ ಹೊತ್ತಿಗೆ ರಘುವೂ ನನಗೆ ಅರ್ಥವಾದ. ಪ್ರತಿದಿನ ಕಾಯಿಲೆಯ ಕೋಣೆಯ ಬಾಗಿಲಾಚೆ ಅಮ್ಮನನ್ನು ಬಿಟ್ಟು ಬಂದು, ಗಂಟಲು ಸರಿಮಾಡಿಕೊಂಡು, ಅಕ್ಕನಿಗೆ ಆರಾಮ್ ಎನ್ನುತ್ತಿದ್ದ ಹುಡುಗ. ಅವನಿಗೂ ಅದು ದುಷ್ಟತನವಾಗಿರಲಿಲ್ಲ. ಅವನು ನಮ್ಮೆಲ್ಲರ ಹಾಗೆ ನಡೆದುಕೊಂಡಿದ್ದ.

ಫೋನು ಮಾಡಿದೆ. ಹಬ್ಬವಲ್ಲದ ದಿನ ನನ್ನ ಹೆಸರು ಕಂಡು ಅವನು ಹೆದರಿದ್ದ.

"ಎಂತ ಅಕ್ಕ? ಎಂತ ಆಯ್ತು? ಭಾವ ಹುಷಾರಿದ್ದಾರಲ್ಲ?"

"ಎಂತ ಇಲ್ಲ ಮಾರಾಯ. ಎಲ್ಲ ಆರಾಮ್."

ನೋಡಿ, ಮತ್ತೆ! ನಾಲಿಗೆಗೆ ಬೇರೆ ಮಾತೇ ಗೊತ್ತಿಲ್ಲ. ಅವನು "ಹಾಂ, ಸರಿ" ಅಂದ. ಇಬ್ಬರೂ ಇಟ್ಟೆವು. ಬಚ್ಚಲಿಗೆ ಹೋಗಿ ಮುಖ ತೊಳೆದೆ. ಎದುರಿಗೇ ಆ ಬಾಲ್ದಿ. ಮತ್ತೆ ಬಂದು ಅದೇ ನಂಬರು ಒತ್ತಿದೆ.

"ರಘು, ಆರಾಮಿಲ್ಲ. ಅವತ್ತಿಂದ ಆರಾಮಿಲ್ಲ ನಾನು."

ಅವನು ಬೈಗುಳಕ್ಕೆ ಕಾಯುತ್ತಿದ್ದಿರಬೇಕು. ಇಷ್ಟು ವರ್ಷ 'ಯಾಕೆ ಹೇಳಲಿಲ್ಲ' ಎಂದು ಕೇಳಿದೆನೇ ಹೊರತು, 'ಈಗಲಾದರೂ ಹೇಳು' ಎಂದು ನಾನು ಒಮ್ಮೆಯೂ ಅಂದಿರಲಿಲ್ಲ. ಅವನು ಆ ಹನ್ನೆರಡು ದಿನವನ್ನು ಒಬ್ಬನೇ ಹೊತ್ತುಕೊಂಡಿದ್ದ.

"ಅಮ್ಮನ ಹನ್ನೆರಡು ದಿನದ್ದು ಹೇಳು. ಒಂದೊಂದೇ ದಿನದ್ದು. ಎಂತದೂ ಬಿಡ್ಬೇಡ."

ತಮ್ಮ ಶುರುಮಾಡಿದ.

"ಮೊದಲನೇ ದಿನ ಜ್ವರ ಎಲ್ಲ ಇರ್ಲಿಲ್ಲ ಅಕ್ಕ. ಬೆಳಿಗ್ಗೆ ನಾನು ಬಂಗುಡೆ ತಂದಿದ್ದೆ. ಅಮ್ಮ ಕಿವಿರು ಎತ್ತಿ ಮೂಗಿನ ಹತ್ರ ಹಿಡಿದ್ಳು. ಇನ್ನೊಂದು ಎತ್ತಿದ್ಳು, ಮತ್ತೊಂದು. ಮತ್ತೆ ನನ್ನ ಮುಖ ನೋಡಿ, ಎಂತ ಮಗ, ಇವತ್ತು ಯಾವುದಕ್ಕೂ ವಾಸನೆಯೇ ಇಲ್ಲ, ಅಂದ್ಳು."